ಮೂರೂವರೆ ಗಂಟೆಯ ಹೊಗೆ

ನಮ್ಮ ಹಿಟ್ಟಿನ ಗಾಡಿಗೆ ಒಂದು ಖರ್ಚಿನ ಪುಸ್ತಕ ಇದೆ. ಡೀಸೆಲ್, ಟೋಲ್, ಪಂಚರ್, ಚಹಾ, ಹಮಾಲಿ. ಕಳೆದ ನವೆಂಬರ್‌ನ ಲೆಕ್ಕ ಕೂಡಿಸುವಾಗ ಇವುಗಳ ನಡುವೆ ಒಂದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ‘ಕೂಲೆಂಟ್ 1 ಲೀ.’ ನಾಲ್ಕು ದಿನ ಬಿಟ್ಟು ಪುನಃ ‘ಕೂಲೆಂಟ್ 1 ಲೀ.’ ತಿಂಗಳಿಗೆ ಎಂಟು ಸಲ. ಹಿಂದಿನ ವರ್ಷದ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಇಡೀ ವರ್ಷಕ್ಕೆ ಎರಡೇ ಸಲ ಇತ್ತು.

ಆ ಎಂಟು ಲೀಟರ್ ಎಲ್ಲಿ ಹೋಯಿತು ಎಂದು ಕಂಡುಹಿಡಿಯಲು ಎರಡೂವರೆ ತಿಂಗಳು ಬೇಕಾಯಿತು. ಆ ಎರಡೂವರೆ ತಿಂಗಳಲ್ಲಿ ನಾನು ಗಾಡಿಯನ್ನು ಪರೀಕ್ಷೆ ಮಾಡಿದ್ದಕ್ಕಿಂತ ಅದನ್ನು ಓಡಿಸುವವರನ್ನು ಪರೀಕ್ಷೆ ಮಾಡಿದ್ದೇ ಹೆಚ್ಚು.

ನಮ್ಮದು ಪುಣೆಯಲ್ಲಿ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಹೋಟೆಲುಗಳಿಗೆ, ಕ್ಯಾಂಟೀನುಗಳಿಗೆ ಕೊಡುವ ಸಣ್ಣ ವ್ಯಾಪಾರ. ಕುಂದಾಪುರ ಕಡೆಯಿಂದ ಬಂದ ಅಪ್ಪಯ್ಯ ಮೊದಲು ಹೋಟೆಲಿನಲ್ಲಿ ದುಡಿದು, ಆಮೇಲೆ ಒಂದು ಗ್ರೈಂಡರ್ ಇಟ್ಟುಕೊಂಡು ಶುರು ಮಾಡಿದ್ದು. ಈಗ ಅವರ ಮಂಡಿ ಕೈಕೊಟ್ಟಿದೆ. ಕೊಂಢ್ವಾದ ಶೆಡ್ಡು, ಗ್ರೈಂಡರುಗಳು, ಲೆಕ್ಕ, ಗಾಡಿ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಮಂಗಳವಾರ, ಗುರುವಾರ, ಶನಿವಾರ ನಮ್ಮ ಪಿಕಪ್ ಸತಾರಾ ಲೈನಿಗೆ ಹೋಗುತ್ತದೆ. ಬೆಳಗಿನ ಮೂರೂವರೆಗೆ ಹೊರಟು ಕಾತ್ರಜ್ ದಾಟಿ, ಶಿರವಳದ ಕ್ಯಾಂಟೀನುಗಳಿಗೆ ಹಿಟ್ಟು ಇಳಿಸಿ, ಖಂಬಾಟ್ಕಿ ಘಾಟಿ ಹತ್ತಿ, ಸತಾರಾದ ಮೂರು ಹೋಟೆಲಿಗೆ ಕೊಟ್ಟು ಮಧ್ಯಾಹ್ನದ ಹೊತ್ತಿಗೆ ವಾಪಸ್. ಉಳಿದ ದಿನ ಊರೊಳಗಿನ ಲೈನು.

ಹಿಟ್ಟು ಹಾಲಿಗಿಂತ ಹಟಮಾರಿ ಸರಕು. ಹಾಲನ್ನು ತಣ್ಣಗಿಟ್ಟರೆ ಸುಮ್ಮನಿರುತ್ತದೆ. ಹಿಟ್ಟು ಕ್ಯಾನಿನ ಒಳಗೆ ತನ್ನ ಪಾಡಿಗೆ ಉಬ್ಬುತ್ತಲೇ ಇರುತ್ತದೆ. ಎರಡು ಗಂಟೆ ತಡವಾದರೆ ಮುಚ್ಚಳ ಎತ್ತಿಕೊಂಡು ಹೊರಗೆ ಬರುತ್ತದೆ, ಹುಳಿ ಏರುತ್ತದೆ. ಹೋಟೆಲಿನವರು ಮುಖ ನೋಡದೆ ವಾಪಸ್ ಕಳಿಸುತ್ತಾರೆ. ನವೆಂಬರ್ ಮೂರನೇ ವಾರ ಹಾಗೇ ಆಯಿತು. ಘಾಟಿಯ ಅರ್ಧದಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತೆಂದು ಕಾಕಾ ಗಾಡಿ ಬದಿಗೆ ನಿಲ್ಲಿಸಿದರು. ಇಂಜಿನ್ ತಣಿಯುವವರೆಗೆ ಕಾಯ್ದು, ನೀರು ತುಂಬಿ, ಸತಾರಾ ಮುಟ್ಟುವಾಗ ಎಂಟೂವರೆ. ಹನ್ನೊಂದು ಕ್ಯಾನ್ ಹಿಟ್ಟು ಹಾಳಾಯಿತು.

ಕಾಕಾ ಎಂದರೆ ನಮ್ಮ ಡ್ರೈವರ್. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾನು ಶಾಲೆಗೆ ಹೋಗುವಾಗಿನಿಂದ ನಮ್ಮಲ್ಲಿದ್ದಾರೆ. ಅಪ್ಪಯ್ಯನ ಹಳೇ ಟೆಂಪೋದಲ್ಲಿ ಎಷ್ಟೋ ಸಲ ನನ್ನನ್ನು ಶಾಲೆಗೆ ಬಿಟ್ಟವರು. ನನಗೆ ‘ತಂಗೆವ್ವ’ ಎನ್ನುತ್ತಿದ್ದರು.

ಘಾಟಿಯಲ್ಲಿ ಗಾಡಿ ನಿಂತದ್ದಕ್ಕೆ ಒಂದು ವಾರ ಮೊದಲೇ ಅವರು ಹೇಳಿದ್ದರು. “ತಂಗೆವ್ವ, ಮುಂಜಾನೆ ಗಾಡಿ ಚಾಲೂ ಮಾಡಿದ್ರ ಬೆಳ್ಳನ ಹೊಗಿ ಬರಾಕತ್ತೈತಿ. ಬೆಲ್ಲದ ಪಾಕ ಹತ್ತಿದಂಗ ವಾಸನಿ. ಒಮ್ಮೆ ತೋರಸೂಣು.” ನಾನು ಕಂಪ್ಯೂಟರಿನಿಂದ ಮುಖ ಎತ್ತದೆ, “ಚಳಿ ಕಾಕಾ, ಎಲ್ಲ ಗಾಡಿಗೂ ಬರುತ್ತೆ” ಅಂದೆ. ಅವರು “ಚಳಿ ಹೊಗಿ ಬ್ಯಾರೆ ಇರತೈತಿ, ಇದು ಬ್ಯಾರೆ” ಎಂದು ಹೊರಗೆ ಹೋದರು.

ಆ ಮಾತು ಆಗಲೇ ಕಿವಿಗೆ ಬಿದ್ದಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

•

ಗಾಡಿ ಓಡಿಸದ ಓದುಗರಿಗಾಗಿ ಎರಡು ಮಾತು. ಕೂಲೆಂಟ್ ಎಂದರೆ ಬಾಟಲಿಯಲ್ಲಿ ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದಲ್ಲಿ ಕಾಣುವ ದ್ರವ. ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ನೀರು, ಜೊತೆಗೆ ತುಕ್ಕು ತಡೆಯುವ ಔಷಧಿ. ಪುಣೆಯಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ. ಆದರೂ ಬರೀ ನಲ್ಲಿ ನೀರು ಹಾಕಿದರೆ ಇಂಜಿನ್ನಿನ ಒಳಗೆ ಸುಣ್ಣ ಕಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ.

ಇನ್ನೊಂದು ಒತ್ತಡ. ಪುಣೆ ಸಮುದ್ರ ಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಇಂಜಿನ್ನಿನ ನೀರು ಹಾಗೆ ಕುದಿಯಬಾರದು. ಅದಕ್ಕೇ ಕೂಲೆಂಟ್ ಬಾಟಲಿಯ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ನಮ್ಮ ಮನೆಯ ಪ್ರೆಶರ್ ಕುಕ್ಕರಿನ ಲೆಕ್ಕವೇ. ನಮ್ಮ ಗಾಡಿಯ ಮುಚ್ಚಳದ ಮೇಲೆ 1.1 ಬಾರ್ ಎಂದು ಬರೆದಿದೆ. ಅಷ್ಟು ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸಬಾರದು ಎನ್ನುವುದು ಇದಕ್ಕೇ. ತೆಗೆದ ಕ್ಷಣ ಎಲ್ಲ ಮುಖಕ್ಕೆ ಎರಚುತ್ತದೆ.

ಅಂದರೆ ತಣ್ಣಗಿರುವಾಗ ಸೋರದ ಬಿರುಕು ಬಿಸಿಯಾದಾಗ ಸೋರಬಹುದು. ಸೋರಿದ್ದು ಬಿಸಿ ಇಂಜಿನ್ನಿನ ಮೇಲೆ ಬಿದ್ದು ಆವಿಯಾದರೆ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಹೆಚ್ಚೆಂದರೆ ಬಣ್ಣದ ಕಲೆ, ಉಪ್ಪು ಒಣಗಿದಂಥ ಪುಡಿ ಉಳಿಯುತ್ತದೆ.

ನಾನು ಶುರು ಮಾಡಿದ್ದು ಎಲ್ಲರೂ ಶುರು ಮಾಡುವಲ್ಲಿಂದ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿದೆ. ಬೆಳಗ್ಗೆ ಒಂಬತ್ತಕ್ಕೆ ಬಂದು ನೋಡಿದರೆ ರಟ್ಟು ಒಣಗಿಯೇ ಇತ್ತು. ಟಾರ್ಚ್ ಹಿಡಿದು ಹೋಸ್ ಪೈಪುಗಳ ತುದಿ, ಕ್ಲಿಪ್ಪು, ರೇಡಿಯೇಟರಿನ ಮೂಲೆ, ಮೆಕ್ಯಾನಿಕ್ಕುಗಳು ವಾಟರ್ ಬಾಡಿ ಎನ್ನುವ ಪಂಪಿನ ಕೆಳಗಿನ ಸಣ್ಣ ತೂತು, ಎಲ್ಲ ನೋಡಿದೆ. ಪಂಪಿನ ಸೀಲ್ ಹೋಗಿದ್ದರೆ ಆ ತೂತಿನಿಂದ ನೀರು ಇಳಿದ ಗುರುತು ಇರುತ್ತದೆ. ಇರಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದೆ. ನೀರು ಆಯಿಲಿಗೆ ಸೇರಿದ್ದರೆ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಯಿಲ್ ಕಪ್ಪಗೇ ಇತ್ತು. ಕ್ಯಾಬಿನ್ನಿನ ಮ್ಯಾಟ್ ಎತ್ತಿ ಮುಟ್ಟಿ ನೋಡಿದೆ. ಹೀಟರಿನ ಜಾಲರಿ ಸೋರಿದರೆ ಅಲ್ಲಿ ಒದ್ದೆ ಇರಬೇಕು. ಅದೂ ಒಣ.

ಮೊದಲನೇ ಗ್ಯಾರೇಜಿನವರು ಮುಚ್ಚಳ ಬದಲಿಸಿದರು, ಎಲ್ಲ ಕ್ಲಿಪ್ಪು ಹೊಸದು ಹಾಕಿದರು. ಒಂದು ವಾರದಲ್ಲಿ ಮತ್ತೆ ಒಂದು ಲೀಟರ್ ಇಳಿದಿತ್ತು.

ಎರಡನೇ ಗ್ಯಾರೇಜು ದೊಡ್ಡದು. ಬಾಟಲಿಯ ಬಾಯಿಗೆ ಕೈಪಂಪು ಕೂರಿಸಿ ಒತ್ತಡ ಏರಿಸಿ ಮೀಟರ್ ನೋಡಿದರು. ಮುಳ್ಳು ನಿಧಾನಕ್ಕೆ ಇಳಿಯಿತು. ಎಲ್ಲಿಂದಲೂ ಹನಿ ಬೀಳಲಿಲ್ಲ. ಇಂಜಿನ್ ಚಾಲೂ ಇಟ್ಟು ಬಾಟಲಿ ನೋಡಿದರೆ ಆಗಾಗ ಗುಳ್ಳೆ ಏಳುತ್ತಿತ್ತು. ಅವರು ತೀರ್ಪು ಕೊಟ್ಟರು: ಹೊರಗೆ ಸೋರುತ್ತಿಲ್ಲ, ಒಳಗೆ ಸೋರುತ್ತಿದೆ, ಗುಳ್ಳೆ ಬರುತ್ತಿದೆ, ಆದ್ದರಿಂದ ಹೆಡ್ ಗ್ಯಾಸ್ಕೆಟ್. ಹೆಡ್ ಬಿಚ್ಚಬೇಕು. ನಲವತ್ತೈದು ಸಾವಿರ, ಆರು ದಿನ. ಒಳಗೆ ಬಿರುಕು ಇದ್ದರೆ ಇನ್ನೂ ಹೆಚ್ಚು.

ಹೇಗೋ ನಲವತ್ತೈದು ಸಾವಿರ ಹೊಂದಿಸಬಹುದಿತ್ತು. ಆದರೆ ಆರು ದಿನ ಗಾಡಿ ಇಲ್ಲದಿದ್ದರೆ ಸತಾರಾದ ಹೋಟೆಲುಗಳು ಬೇರೆಯವರ ಹಿಟ್ಟಿಗೆ ಹೋಗುತ್ತವೆ. ಹೋದವು ವಾಪಸ್ ಬರುವುದಿಲ್ಲ. ನಾಲ್ಕು ದಿನ ಯೋಚನೆ ಮಾಡುತ್ತೇನೆ ಎಂದು ಗಾಡಿ ತಂದೆ.

•

ಆ ನಾಲ್ಕು ದಿನದಲ್ಲಿ ನನ್ನ ತಲೆಗೆ ಬೇರೆಯೇ ಹುಳ ಹೊಕ್ಕಿತು.

ಗಾಡಿಯ ಸೀಟಿನ ಹಿಂದೆ ಒಂದು ಹಳೇ ಕೂಲೆಂಟ್ ಕ್ಯಾನ್ ಸಿಕ್ಕಿತು. ಮುಚ್ಚಳ ತೆಗೆದು ನೋಡಿದೆ. ಬಣ್ಣವಿಲ್ಲ, ಬರೀ ನೀರು. ಹಾಗಾದರೆ ಪುಸ್ತಕದಲ್ಲಿ ಕೂಲೆಂಟ್, ಗಾಡಿಗೆ ನೀರು? ಲೀಟರಿಗೆ ಇನ್ನೂರು ಮುನ್ನೂರು ರೂಪಾಯಿ, ತಿಂಗಳಿಗೆ ಎರಡು ಸಾವಿರದ ಆಸುಪಾಸು. ಹದಿನಾರು ವರ್ಷದ ಮನುಷ್ಯ ಎರಡು ಸಾವಿರಕ್ಕೆ ಆಸೆ ಬೀಳುತ್ತಾರೆಯೇ ಎಂದು ಒಂದು ಮನಸ್ಸು ಹೇಳಿತು. ಮಗಳ ಮದುವೆ ಸಾಲ ಇದೆಯಲ್ಲ ಎಂದು ಇನ್ನೊಂದು ಮನಸ್ಸು ಹೇಳಿತು. ಲೆಕ್ಕ ನೋಡುವವರ ತಲೆ ಎರಡನೇ ಮಾತನ್ನು ಬೇಗ ನಂಬುತ್ತದೆ.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಬದಲಿಗೆ ಒಂದು ನೀಲಿ ಮಾರ್ಕರ್ ತಂದೆ. ಮಧ್ಯಾಹ್ನ ಗಾಡಿ ಬಂದು ನಿಂತ ಕೂಡಲೇ ಬಾನೆಟ್ ಎತ್ತಿ, ಬಾಟಲಿಯಲ್ಲಿ ನೀರು ಎಲ್ಲಿದೆಯೋ ಅಲ್ಲಿ ಗೆರೆ ಎಳೆದೆ, ಫೋಟೋ ತೆಗೆದೆ. ಕ್ಯಾನ್ ಏರಿಸುವ ಹುಡುಗನಿಗೆ ಮೂರು ಗಂಟೆಗೆ, ಕಾಕಾ ಗಾಡಿ ಮುಟ್ಟುವ ಮೊದಲು, ಅದೇ ಬಾಟಲಿಯ ಫೋಟೋ ಕಳಿಸಲು ಹೇಳಿದೆ. ಬೆಳಗ್ಗೆ ಎದ್ದು ಫೋನ್ ನೋಡಿದರೆ ನೀರು ಗೆರೆಗಿಂತ ಎರಡು ಬೆರಳು ಕೆಳಗೆ. ಗಾಡಿ ರಾತ್ರಿ ಇಡೀ ಅಲ್ಲಾಡಿಲ್ಲ. ಕೆಳಗಿನ ರಟ್ಟು ಒಣಗಿದೆ. ಮರುದಿನವೂ ಹಾಗೇ. ಯಾರೋ ರಾತ್ರಿ ತೆಗೆಯುತ್ತಿದ್ದಾರೆ ಎಂದು ನಿರ್ಧರಿಸಿದೆ. ಬೇರೆ ಡ್ರೈವರ್ ಇದ್ದರೆ ಹೇಳಿ ಎಂದು ಇಬ್ಬರಿಗೆ ಫೋನ್ ಮಾಡಿದ್ದೂ ನಿಜ.

ಮೂರನೇ ದಿನ ಬಾನೆಟ್ ಎತ್ತಿದಾಗ ನನ್ನ ನೀಲಿ ಗೆರೆಗಳ ಕೆಳಗೆ ಕಪ್ಪು ಗೆರೆಗಳು ಇದ್ದವು. ಪ್ರತಿ ಗೆರೆಯ ಪಕ್ಕ ಸಣ್ಣ ಅಕ್ಷರದಲ್ಲಿ ತಾರೀಖು, ‘ಮುಂ. 3’, ಸತಾರಾಕ್ಕೆ ಹೋದ ದಿನ ಒಂದು ‘ಸ’. ಕಾಕಾ ನನ್ನ ಗೆರೆ ನೋಡಿ, ಅದು ಯಾಕೆಂದು ಅರ್ಥ ಮಾಡಿಕೊಂಡು, ಏನೂ ಅನ್ನದೆ ತಾವೂ ಗೆರೆ ಹಾಕಲು ಶುರು ಮಾಡಿದ್ದರು. ಅಂದು ಮಧ್ಯಾಹ್ನ ಬೀಗದ ಕೈ ಕೊಡುವಾಗ ಅಂದರು: “ಮ್ಯಾಡಮ್ಮಾರ, ಗೆರಿ ಕೆಳಗ ಇಳದೈತ್ರಿ. ನೋಡಕೋರಿ.”

ತಂಗೆವ್ವ ಅಲ್ಲ. ಮ್ಯಾಡಮ್ಮಾರ. ‘ರಿ’ ಬೇರೆ ಸೇರಿತ್ತು.

ರಾತ್ರಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ನೀರಿನ ಕ್ಯಾನು, ಫೋಟೋ, ಹೆಡ್ ಗ್ಯಾಸ್ಕೆಟ್, ಹೊಸ ಡ್ರೈವರ್. ಅವರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳುತ್ತಿದ್ದರು. ಕೊನೆಗೆ, “ಅವ ಎಂತ ಹೇಳ್ದ?” ಅಂದರು. ಬಿಳಿ ಹೊಗೆ, ಬೆಲ್ಲದ ವಾಸನೆ ಅಂದಿದ್ದರು ಎಂದೆ.

“ಗಾಡಿ ಸ್ಟಾರ್ಟ್ ಮಾಡುವತಿಗೆ ನೀ ಒಂದ್ಸಲ ಹೋಯಿ ಕಂಡಿದ್ಯಾ?”

“ಇಲ್ಲ.”

“ಮತ್ತೆ ಅವ ಹೇಳದ್ದ್ ಸುಳ್ಳ್ ಅಂಬುದ್ ಹ್ಯಾಂಗೆ?”

•

ಮರುದಿನ ಶನಿವಾರ, ಜನವರಿ. ಮೂರೂಕಾಲಿಗೆ ಶೆಡ್ಡಿಗೆ ಹೋದೆ. ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು ವರ್ಷಗಳ ಮೇಲೆ. ಕಾಕಾ ಕಿವಿಗೆ ಮಫ್ಲರ್ ಸುತ್ತಿಕೊಂಡು ಟೈರಿಗೆ ಒದ್ದು ಗಾಳಿ ನೋಡುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಪಕ್ಕದ ಶೆಡ್ಡಿನ ಹಾಲಿನ ವ್ಯಾನು ಆಗಷ್ಟೇ ಚಾಲೂ ಆಗಿತ್ತು. ಅದರ ಸೈಲೆನ್ಸರಿನಿಂದಲೂ ಬಿಳಿ ಆವಿ ಬರುತ್ತಿತ್ತು. ಕಾಕಾ ಅದರ ಕಡೆ ಕೈ ತೋರಿಸಿ, “ಅದು ಚಳಿ ಹೊಗಿರಿ. ನೋಡ್ರಿ, ಮಾರು ದೂರ ಹೋಗೂದ್ರಾಗ ಕರಗತೈತಿ” ಅಂದರು. ಹೌದು, ಬಾಯಿಂದ ಬಿಟ್ಟ ಉಸಿರಿನ ಹಾಗೆ ಅಲ್ಲಲ್ಲೇ ಮಾಯವಾಗುತ್ತಿತ್ತು.

ಆಮೇಲೆ ನಮ್ಮ ಗಾಡಿ ಹತ್ತಿದರು. ಒಮ್ಮೆಲೇ ಚಾಲೂ ಮಾಡಲಿಲ್ಲ. ಅರ್ಧ ಸೆಲ್ಫ್ ಕೊಟ್ಟು ಬಿಟ್ಟರು. ಇನ್ನೊಮ್ಮೆ ಅರ್ಧ. ಮೂರನೇ ಸಲಕ್ಕೆ ಇಂಜಿನ್ ಹಿಡಿಯಿತು. ಹಿಡಿದದ್ದೂ ಸರಿಯಾಗಿ ಅಲ್ಲ, ಒಂದು ಕಾಲು ಕುಂಟುವವರ ನಡಿಗೆಯಂತೆ ಅರ್ಧ ನಿಮಿಷ ಕುಕ್ಕಿತು. ಸೈಲೆನ್ಸರಿನಿಂದ ದಪ್ಪನೆಯ ಬಿಳಿ ಹೊಗೆ ಬಂತು. ಅದು ಕರಗಲಿಲ್ಲ. ಬೀದಿ ದೀಪದ ಕೆಳಗೆ ಹಾಗೇ ನಿಂತು, ನಿಧಾನಕ್ಕೆ ಕಾಂಪೌಂಡ್ ದಾಟಿತು.

ವಾಸನೆ ನನಗೆ ಮೊದಲು ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಹುಳಿ ಹಿಟ್ಟಿನ ನಡುವೆ ಇರುವ ಮೂಗು ನನ್ನದು. ಶೆಡ್ಡಿನಲ್ಲಿ ಬೇರೆ ಯಾವ ವಾಸನೆಯೂ ಅದಕ್ಕೆ ಹತ್ತುವುದಿಲ್ಲ. ಹೊಗೆಯ ಹಿಂದೆ ನಡೆದು ಕಾಂಪೌಂಡಿನ ಹೊರಗೆ ರಸ್ತೆಗೆ ಹೋದ ಮೇಲೆ ಸಿಕ್ಕಿತು. ಡೀಸೆಲ್ ಹೊಗೆಯ ಅಡಿಯಲ್ಲಿ ಸಿಹಿ. ಬೆಲ್ಲದ ಪಾಕ ತಳ ಹತ್ತಿದಾಗಿನ ಸಿಹಿ. ಗ್ಲೈಕಾಲ್‌ನ ವಾಸನೆ ಸಿಹಿಯಾಗಿರುತ್ತದೆ ಎಂದು ನಾನು ಎಷ್ಟೋ ಕಡೆ ಓದಿದ್ದೆ. ರುಚಿಯೂ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಕಾಕಾ ಕೂಲೆಂಟ್ ತುಂಬಿದ ಮೇಲೆ ಪ್ರತಿ ಸಲ ನೆಲಕ್ಕೆ ನೀರು ಹಾಕಿ ತೊಳೆಯುತ್ತಿದ್ದುದು ನೆನಪಾಯಿತು. ಶೆಡ್ಡಿನಲ್ಲಿ ಎರಡು ನಾಯಿ ಇವೆ. ಅವರು ಸೋರಿಕೆಯ ಗುರುತು ಅಳಿಸುತ್ತಿದ್ದಾರೆ ಎಂದು ನಾನು ಅದಕ್ಕೂ ಒಂದು ಅರ್ಥ ಕಟ್ಟಿಕೊಂಡಿದ್ದೆ.

ಒಂದು ನಿಮಿಷಕ್ಕೆಲ್ಲ ಇಂಜಿನ್ ನೆಟ್ಟಗಾಯಿತು. ಹೊಗೆ ನಿಂತಿತು. ನಾನು ದಿನಾ ಬರುವ ಒಂಬತ್ತು ಗಂಟೆಗೆ, ಗ್ಯಾರೇಜು ತೆರೆಯುವ ಹತ್ತು ಗಂಟೆಗೆ, ಇದರ ಸುಳಿವೂ ಇರುತ್ತಿರಲಿಲ್ಲ.

•

ಆ ದಿನ ಸತಾರಾ ಲೈನ್ ಮುಗಿಸಿ ಬಂದ ಮೇಲೆ ಕಾಕಾ, “ಕಾತ್ರಜ್‌ದಾಗ ಒಬ್ರು ಚಾಚಾ ಅದಾರ, ಲಾರಿ ಕೆಲಸ ಮಾಡತಾರ. ತೋರಸೂಣೇನ್ರಿ?” ಎಂದು ಕೇಳಿದರು. ಹೋದೆವು. ಚಾಚಾ ಬಾನೆಟ್ ಎತ್ತಿ ಮೊದಲು ನೋಡಿದ್ದು ಬಾಟಲಿಯ ಮೇಲಿನ ಗೆರೆಗಳನ್ನು. ಈ ನೀಲಿ ಯಾರದ್ದು ಎಂದರು. ನನ್ನದು ಎಂದೆ. ಯಾವ ಹೊತ್ತಿಗೆ ಹಾಕಿದ್ದು? ಗಾಡಿ ಬಂದ ಕೂಡಲೇ. ಅವರು ನಕ್ಕರು. ಬಿಸಿ ನೀರು ಹಿಗ್ಗುತ್ತದೆ ಮೇಡಂ, ತಣ್ಣಗಾದ ಮೇಲೆ ಹೇಗೂ ಇಳಿಯುತ್ತದೆ, ಸೋರದ ಗಾಡಿಯಲ್ಲೂ ಇಳಿಯುತ್ತದೆ, ಈ ಗೆರೆಗೆ ಬೆಲೆ ಇಲ್ಲ. ಕಪ್ಪು ಗೆರೆ ಯಾರದ್ದು? ಕಾಕಾ ಕೈ ಎತ್ತಿದರು. ಇದು ಸರಿ, ದಿನಾ ಒಂದೇ ಹೊತ್ತಿಗೆ, ತಣ್ಣಗಿರುವಾಗ.

ಇಂಜಿನ್ನಿನಲ್ಲಿ ಏಳೆಂಟು ಲೀಟರ್ ನೀರು ಇರುತ್ತದೆ. ಅದು ತೊಂಬತ್ತು ಡಿಗ್ರಿಗೆ ಏರಿದಾಗ ಬಾಟಲಿಯಲ್ಲಿ ಬೆರಳಳತೆಯ ವ್ಯತ್ಯಾಸ ಬಂದೇ ಬರುತ್ತದೆ. ಬಿ.ಎಸ್ಸಿ. ಮಾಡಿದ ನಾನು ಅಷ್ಟೂ ಯೋಚಿಸದೆ ಒಬ್ಬರ ಮೇಲೆ ಕಳ್ಳತನ ಹೊರಿಸಿದ್ದೆ.

ಚಾಚಾ ಕಪ್ಪು ಗೆರೆಗಳನ್ನು ಓದಿದರು. ಊರೊಳಗಿನ ದಿನ ಸ್ವಲ್ಪ, ‘ಸ’ ಇದ್ದ ದಿನದ ಮರುದಿನ ಜಾಸ್ತಿ. ಹೊಗೆಯ ಬಗ್ಗೆ ನನ್ನನ್ನಲ್ಲ, ಕಾಕಾನನ್ನು ಕೇಳಿದರು. ಎಷ್ಟು ಹೊತ್ತು, ಯಾವ ಬಣ್ಣ, ಸತಾರಾದಲ್ಲಿ ಹಿಟ್ಟು ಇಳಿಸಿ ಒಂದು ಗಂಟೆ ನಿಂತು ಮತ್ತೆ ಚಾಲೂ ಮಾಡಿದಾಗ ಬರುತ್ತದೆಯೇ? ಬರುತ್ತದೆ, ಸ್ವಲ್ಪ. ಓಡುವಾಗ? ಇಲ್ಲ. ಕೇಳಿ ಮುಗಿಸಿ, ಇದು ಓಡುವಾಗ ಸೋರುವ ಗಾಡಿ ಅಲ್ಲ, ನಿಂತ ಮೇಲೆ ಸೋರುವ ಗಾಡಿ ಎಂದರು. ರಾತ್ರಿ ಗಾಡಿ ಅಲ್ಲೇ ಇರಲಿ, ಮರುದಿನ ತಣ್ಣಗಿರುವಾಗ ತಾವೇ ಚಾಲೂ ಮಾಡಿ ನೋಡುತ್ತೇವೆ ಎಂದರು. ಭಾನುವಾರದ ಲೈನಿಗೆ ಬಾಡಿಗೆ ಟೆಂಪೋ ಮಾಡಿದೆ.

ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಎನ್ನುವ ವ್ಯವಸ್ಥೆ ಇದೆ. ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕೊಡುವುದು. ಹಾಗೆ ಮಾಡಿದರೆ ಒಳಗಿನ ಉರಿಯ ತಾಪ ತಗ್ಗುತ್ತದೆ, ಸಾರಜನಕದ ಆಕ್ಸೈಡುಗಳೆಂಬ ವಿಷಾನಿಲ ಕಡಿಮೆಯಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ನಿಯಮ ಈ ಅನಿಲಗಳ ಮಿತಿಯನ್ನು ತೀರಾ ಬಿಗಿ ಮಾಡಿತು. ನಮ್ಮ ಗಾಡಿ 2021ರದ್ದು. ಆದರೆ ಹೊಗೆ ನೂರಾರು ಡಿಗ್ರಿ ಬಿಸಿ ಇರುತ್ತದೆ. ಹಾಗೇ ಒಳಗೆ ಬಿಡುವಂತಿಲ್ಲ. ಮೊದಲು ತಣಿಸಬೇಕು. ಅದಕ್ಕೆ ಮೊಳಕ್ಕಿಂತ ಚಿಕ್ಕದೊಂದು ಲೋಹದ ಪೆಟ್ಟಿಗೆ, ಇಜಿಆರ್ ಕೂಲರ್. ಒಳಗಿನ ತೆಳು ಕೊಳವೆಗಳಲ್ಲಿ ಹೊಗೆ, ಸುತ್ತ ಕೂಲೆಂಟ್. ನಡುವೆ ಒಂದು ತಗಡಿನಷ್ಟೇ ಗೋಡೆ. ದಿನಾ ಕಾದು ತಣಿದು, ಕಾದು ತಣಿದು, ಆ ಗೋಡೆ ಎಲ್ಲೋ ಸೀಳುತ್ತದೆ.

ಘಾಟಿ ಹತ್ತುವಾಗ ಹೊಗೆಯ ಒತ್ತಡ ಜೋರು. ಆಗ ಸೀಳಿನಿಂದ ಹೊಗೆಯೇ ನೀರಿಗೆ ನುಗ್ಗುತ್ತದೆ. ಬಾಟಲಿಯಲ್ಲಿ ಗುಳ್ಳೆ ಕಂಡದ್ದು ಅದು. ಗಾಡಿ ನಿಲ್ಲಿಸಿದ ಕ್ಷಣ ಹೊಗೆಯ ಒತ್ತಡ ಸೊನ್ನೆ. ನೀರಿನ ಒತ್ತಡ ಮಾತ್ರ ಕುಕ್ಕರಿನಂತೆ ಹಾಗೇ ಉಳಿದಿರುತ್ತದೆ. ಈಗ ನೀರು ಹೊಗೆಯ ದಾರಿಗೆ ಇಳಿಯುತ್ತದೆ. ಒಂದಷ್ಟು ಸೈಲೆನ್ಸರ್ ಕಡೆ, ಒಂದಷ್ಟು ಇಂಜಿನ್ ಗಾಳಿ ಎಳೆದುಕೊಳ್ಳುವ ಕಡೆ. ಬೆಳಗ್ಗೆ ಚಾಲೂ ಮಾಡಿದಾಗ ಅದೆಲ್ಲ ಬೆಂದು ಬಿಳಿ ಹೊಗೆಯಾಗಿ ಹೋಗುತ್ತದೆ. ನಾನು ಹಾಸಿದ ರಟ್ಟಿನ ಮೇಲೆ ಬೀಳುವುದಾದರೂ ಏನು?

ಹೆಡ್ ಗ್ಯಾಸ್ಕೆಟ್ ಹೋದರೂ ಹೆಚ್ಚುಕಡಿಮೆ ಇದೇ ಗುರುತುಗಳು. ಗುಳ್ಳೆ, ಬಿಳಿ ಹೊಗೆ, ಹೊರಗೆ ಹನಿ ಇಲ್ಲ. ಹಾಗಾಗಿ ಎರಡನೇ ಗ್ಯಾರೇಜಿನವರು ಸುಳ್ಳು ಹೇಳಿದರು ಎನ್ನಲಾರೆ. ಅವರು ದೊಡ್ಡದನ್ನು ಬಿಚ್ಚುವ ಮೊದಲು ಚಿಕ್ಕದನ್ನು ಬೇರೆ ಮಾಡಿ ನೋಡಲಿಲ್ಲ, ಅಷ್ಟೇ.

ಚಾಚಾ ಮಾಡಿದ್ದು ಅದನ್ನೇ. ಭಾನುವಾರ ಬೆಳಗ್ಗೆ ಹೊಗೆ ನೋಡಿಯಾದ ಮೇಲೆ, ಕೂಲರಿಗೆ ಹೋಗುವ ಎರಡು ನೀರಿನ ಪೈಪು ತೆಗೆದು, ಒಂದು ತುಂಡು ಪೈಪಿನಿಂದ ಎರಡನ್ನೂ ಒಂದಕ್ಕೊಂದು ಸೇರಿಸಿ ಕ್ಲಿಪ್ ಬಿಗಿದರು. ಈಗ ಕೂಲರ್ ಲೆಕ್ಕದಿಂದ ಹೊರಗೆ. ಹೆಡ್ಡು, ರೇಡಿಯೇಟರು, ಪಂಪು, ಹೀಟರು ಎಲ್ಲ ಒಳಗೆ. ಕೈಪಂಪು ಕೂರಿಸಿ 1 ಬಾರ್ ಏರಿಸಿದರು. ನಾವು ಮೂವರೂ ಮೀಟರ್ ನೋಡುತ್ತಾ ಕೂತೆವು. ಚಹಾ ಬಂತು, ಮುಗಿಯಿತು. ಅರ್ಧ ಗಂಟೆ ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹೆಡ್ ಬಿಚ್ಚುವ ಅಗತ್ಯ ಇಲ್ಲ ಎಂದು ಅಲ್ಲೇ ಗೊತ್ತಾಯಿತು.

ಕೂಲರ್ ಇದ್ದದ್ದು ಇಂಜಿನ್ನಿನ ಹಿಂಭಾಗದಲ್ಲಿ, ತಗಡಿನ ಹೊದಿಕೆಯ ಅಡಿ. ಕೈ ಹೋಗುವುದೇ ಕಷ್ಟ. ಬಿಚ್ಚಲು ಮಧ್ಯಾಹ್ನವಾಯಿತು. ಹೊರಗೆ ತಂದಾಗ ಮಸಿ ಮೆತ್ತಿದ ಸಾಧಾರಣ ಪೆಟ್ಟಿಗೆ. ಚಾಚಾ ನೀರಿನ ಬದಿಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಪೈಪು ಕೊಟ್ಟು, ಇಡೀ ಪೆಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರು. ಸೈಕಲ್ ಟ್ಯೂಬಿನ ಪಂಚರ್ ನೋಡುವ ಹಾಗೆಯೇ. ಹೊಗೆ ಹೋಗುವ ಬಾಯಿಂದ ಸಣ್ಣ ಗುಳ್ಳೆಗಳ ಒಂದು ಸಾಲು, ದಾರಕ್ಕೆ ಪೋಣಿಸಿದಂತೆ, ಮೇಲೆ ಬಂತು.

“ಅಲ್ಲಿ ನೋಡ್ರಿ” ಅಂದರು ಕಾಕಾ. ಅದಕ್ಕಿಂತ ಹೆಚ್ಚು ಏನೂ ಅನ್ನಲಿಲ್ಲ.

ಅಲ್ಲಿ ನಿಂತಿದ್ದ ಒಬ್ಬರು, ಯಾಕೆ ಹೊಸದು ಹಾಕುತ್ತೀರಿ, ಇಜಿಆರ್‌ಗೇ ಒಂದು ತಗಡು ಬಡಿದು ಮುಚ್ಚಿಬಿಡಿ, ಎಲ್ಲರೂ ಮಾಡುತ್ತಾರೆ ಎಂದರು. ಚಾಚಾ ಒಪ್ಪಲಿಲ್ಲ. ಮುಚ್ಚಿದರೆ ಇಂಜಿನ್ ದೀಪ ಹತ್ತಿಕೊಂಡಿರುತ್ತದೆ, ಹೊಗೆ ಊರಿನವರ ಮೂಗಿಗೆ ಹೋಗುತ್ತದೆ. ನಾನೂ ಬೇಡ ಎಂದೆ. ಸೋಮವಾರ ಹೊಸ ಕೂಲರ್ ಬಂತು. ಭಾಗ, ಕೂಲಿ, ಹೊಸ ಕೂಲೆಂಟ್ ಎಲ್ಲ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ. ಮಂಗಳವಾರ ಮೂರೂವರೆಗೆ ಗಾಡಿ ಎಂದಿನಂತೆ ಸತಾರಾಕ್ಕೆ ಹೊರಟಿತು.

ಬಿಲ್ಲು ಬರೆಯುವಾಗ ಚಾಚಾ ಒಂದು ಮಾತು ಕೇಳಿದರು. ಅರ್ಧ ಸೆಲ್ಫ್ ಕೊಡುವುದನ್ನು ಯಾರು ಹೇಳಿಕೊಟ್ಟರು? ಕಾಕಾ, ಯಾರೂ ಇಲ್ಲ, ಇಂಜಿನ್ ತಡವರಿಸಿದ್ದು ಕೈಗೆ ಗೊತ್ತಾಯಿತು, ಜೋರು ಮಾಡಲು ಮನಸ್ಸಾಗಲಿಲ್ಲ ಎಂದರು. ಸಿಲಿಂಡರಿನೊಳಗೆ ನೀರು ನಿಂತಿರುವಾಗ ಒಮ್ಮೆಲೇ ಚಾಲೂ ಮಾಡಿದರೆ, ಗಾಳಿಯಂತೆ ನೀರು ಅದುಮಿಸಿಕೊಳ್ಳುವುದಿಲ್ಲವಾದ್ದರಿಂದ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿಹೋಗಬಹುದು. ಆಗ ಇಂಜಿನ್ನಿಗೇ ಕೈ ಹಾಕಬೇಕು. ಆ ಅರ್ಧ ಸೆಲ್ಫೇ ನಮ್ಮನ್ನು ಉಳಿಸಿತೋ, ಅಷ್ಟು ನೀರು ಒಳಗೆ ಸೇರಿರಲೇ ಇಲ್ಲವೋ ಹೇಳಲಾರೆ. ಚಾಚಾ ಮಾತ್ರ ಅದನ್ನು ಕೇಳಿ ಕಾಕಾನ ಬೆನ್ನು ತಟ್ಟಿದರು.

•

ವಾಪಸ್ ಬರುವಾಗ ಸೀಟಿನ ಹಿಂದಿನ ಕ್ಯಾನಿನ ಬಗ್ಗೆ ಕೇಳಿದೆ. ನವೆಂಬರ್‌ನಲ್ಲಿ ಕೇಳಬೇಕಿದ್ದ ಪ್ರಶ್ನೆ. ಘಾಟಿಯಲ್ಲಿ ಗಾಡಿ ನಿಂತ ದಿನ ಕಾಕಾ ಹತ್ತಿರದ ಹೋಟೆಲಿನ ಬೋರ್ ನೀರು ಹಾಕಬೇಕಾಯಿತಂತೆ. ಬೋರ್ ನೀರು ಇಂಜಿನ್ನಿಗೆ ಒಳ್ಳೆಯದಲ್ಲ. ಬೆಳಗಿನ ಐದಕ್ಕೆ ಯಾವ ಅಂಗಡಿಯಲ್ಲೂ ಕೂಲೆಂಟ್ ಸಿಗುವುದಿಲ್ಲ. ಹಾಗಾಗಿ ಮರುದಿನದಿಂದ ನಮ್ಮ ಶೆಡ್ಡಿನಲ್ಲಿ ಹಿಟ್ಟಿಗೆ ಬಳಸುವ ಫಿಲ್ಟರ್ ನೀರನ್ನೇ ಒಂದು ಖಾಲಿ ಕ್ಯಾನಿನಲ್ಲಿ ತುಂಬಿ ಇಟ್ಟುಕೊಂಡಿದ್ದರು. ಅಕಸ್ಮಾತ್ ಬೇಕಾದರೆ ಎಂದು. ಕ್ಯಾನಿನ ಇನ್ನೊಂದು ಬದಿಯಲ್ಲಿ ಕಪ್ಪು ಮಾರ್ಕರಿನಲ್ಲಿ ‘ಫಿಲ್ಟರ್ ನೀರು’ ಎಂದು ಬರೆದೂ ಇತ್ತು. ನಾನು ಕ್ಯಾನನ್ನು ಆ ಕಡೆ ತಿರುಗಿಸಿ ನೋಡಿರಲಿಲ್ಲ.

“ಕಾಕಾ, ತಪ್ಪಾಯ್ತು” ಅಂದೆ. ಗೆರೆ ಹಾಕಿದ್ದಕ್ಕೆ, ಬೇರೆ ಡ್ರೈವರ್ ಹುಡುಕಿದ್ದಕ್ಕೆ. ಎರಡನೆಯದು ಅವರಿಗೆ ಗೊತ್ತಿತ್ತು. ನಾನು ಫೋನ್ ಮಾಡಿದ ಇಬ್ಬರಲ್ಲಿ ಒಬ್ಬ ಅದೇ ಸಂಜೆ ಅವರಿಗೆ ಹೇಳಿದ್ದನಂತೆ. ಡ್ರೈವರುಗಳ ನಡುವೆ ಇಂಥ ಸುದ್ದಿ ಎಷ್ಟು ಹೊತ್ತು ನಿಲ್ಲುತ್ತದೆ?

ಅವರು ರಸ್ತೆ ನೋಡುತ್ತಲೇ ಅಂದರು: “ಇರಲಿ ಬಿಡ್ರಿ. ನೀವು ಗೆರಿ ಹೊಡದಿದ್ದು ಛಲೋನ ಆತು. ಇಲ್ಲಾಂದ್ರ ನಾನೂ ಹೊಡೀತಿರಲಿಲ್ಲ. ಬರೇ ಬಾಯಿಲೆ ಹೇಳಿದ್ರ ಯಾರು ನಂಬತಿದ್ರು?”

ಇದನ್ನು ಅವರು ಕೊಂಕಾಗಿ ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಹದಿನಾರು ವರ್ಷ ಗಾಡಿ ಓಡಿಸಿದ ಮೇಲೂ ತಮ್ಮ ಮಾತಿಗೆ ಬಾಟಲಿಯ ಮೇಲಿನ ಗೆರೆ ಸಾಕ್ಷಿ ಬೇಕು ಎಂಬುದನ್ನು ಅವರು ಮಾಮೂಲಿ ಸಂಗತಿಯಂತೆ ಒಪ್ಪಿಕೊಂಡಿದ್ದರು. ಆ ಗಾಡಿಯನ್ನು ದಿನಾ ತಣ್ಣಗಿರುವಾಗ ನೋಡುತ್ತಿದ್ದವರು ಅವರೊಬ್ಬರೇ. ಉಳಿದ ನಾವೆಲ್ಲ, ನಾನು, ಎರಡು ಗ್ಯಾರೇಜಿನವರು, ನಮಗೆ ಅನುಕೂಲವಾದ ಹೊತ್ತಿನಲ್ಲಿ ಹೋಗಿ ಏನೂ ಕಾಣುತ್ತಿಲ್ಲ ಎಂದೆವು. ಕಂಡವರು ಹೇಳಿದ್ದನ್ನು ಬರೆದುಕೊಳ್ಳಲಿಲ್ಲ.

ಈಗ ನಮ್ಮ ಖರ್ಚಿನ ಪುಸ್ತಕದಲ್ಲಿ ಹಿಂದಿನ ಪುಟಗಳನ್ನು ಬೇರೆ ಕೆಲಸಕ್ಕೆ ಬಿಟ್ಟಿದ್ದೇನೆ. ಡ್ರೈವರ್ ಹೇಳಿದ್ದು, ತಾರೀಖು, ಹೊತ್ತು. ‘ಎಡಗಡೆ ಬ್ರೇಕ್ ಎಳೆಯುತ್ತದೆ.’ ‘ಮೂರನೇ ಗೇರಿಗೆ ಸದ್ದು.’ ಗ್ಯಾರೇಜಿಗೆ ಹೋಗುವಾಗ ಆ ಪುಟ ತೋರಿಸುತ್ತೇನೆ, ಕಾಕಾನನ್ನೂ ಕರೆದುಕೊಂಡು ಹೋಗುತ್ತೇನೆ. ತಿಂಗಳಿಗೆ ಒಂದೆರಡು ಸಲ ಮೂರೂವರೆಗೆ ಶೆಡ್ಡಿಗೆ ಹೋಗುತ್ತೇನೆ. ಬಾಟಲಿಯ ಮೇಲೆ ನೀಲಿ ಗೆರೆಗಳನ್ನು ಒರೆಸಿದ್ದೇನೆ, ಕಪ್ಪು ಗೆರೆಗಳನ್ನು ಹಾಗೇ ಬಿಟ್ಟಿದ್ದೇನೆ. ನೀರು ಎಲ್ಲಕ್ಕಿಂತ ಮೇಲಿನ ಕಪ್ಪು ಗೆರೆಯಲ್ಲಿ ನಿಂತಿದೆ. ನಾಲ್ಕು ತಿಂಗಳಲ್ಲಿ ಇಳಿದಿಲ್ಲ.

ಕಾಕಾ ನಮ್ಮಲ್ಲೇ ಇದ್ದಾರೆ. ಯುಗಾದಿಗೆ ಊರಿಗೆ ಹೋಗಿ ಜೋಳ, ಶೇಂಗಾ ಚಟ್ನಿ ತಂದುಕೊಟ್ಟರು, ಪ್ರತಿ ವರ್ಷದಂತೆ. ಅಪ್ಪಯ್ಯನ ಹತ್ತಿರ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ, ನಗುತ್ತಾರೆ. ನನ್ನ ಹತ್ತಿರವೂ ಮಾತಾಡುತ್ತಾರೆ. ಆದರೆ ಬೀಗದ ಕೈ ಕೊಡುವಾಗ ಈಗಲೂ “ತಗೋರಿ ಮ್ಯಾಡಮ್ಮಾರ” ಎನ್ನುತ್ತಾರೆ. ತಂಗೆವ್ವ ಎಂದು ಕರೆಯಿರಿ ಎಂದು ನಾನು ಕೇಳುವಂತಿಲ್ಲ. ಕೇಳಿದರೆ ಅವರು ಕರೆಯುತ್ತಾರೆ, ಆದರೆ ಅದು ಆ ಕರೆ ಆಗುವುದಿಲ್ಲ.